ಕಂಚಿನ ಬಟ್ಟಲಿಗೆ ಟಿಬೆಟ್ಟಿನ ಹೆಸರು

ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠವನ್ನು ನಾವೆಲ್ಲ ಗೋಲ್ಡನ್ ಟೆಂಪಲ್ ಎಂದೇ ಕರೆಯುತ್ತೇವೆ. ಅಲ್ಲಿಗೆ ಹೋದವರ ಕಿವಿಗೆ ಎರಡು ಬಗೆಯ ನಾದ ಬೀಳುತ್ತದೆ. ಒಂದು ಮಠದ ಒಳಗಿನದು. ಪೂಜೆಯ ಹೊತ್ತಿನಲ್ಲಿ ಅಲ್ಲಿ ಇಬ್ಬದಿಯ ದೊಡ್ಡ ನಗಾರಿ ಗುಡುಗುತ್ತದೆ, ಆಳುದ್ದ ಮೀರಿದ ದುಂಗ್‌ಚೆನ್ ಕಹಳೆ ನೆಲ ನಡುಗುವಂತೆ ಮೊರೆಯುತ್ತದೆ, ನಮ್ಮ ಶಹನಾಯಿಯ ದಾಯಾದಿಯಂತಿರುವ ಗ್ಯಾಲಿಂಗ್ ಉಲಿಯುತ್ತದೆ, ಭಿಕ್ಷುಗಳ ಕೈಯಲ್ಲಿ ದ್ರಿಲ್ಬು ಗಂಟೆ ಕಿಣಿಗುಟ್ಟುತ್ತದೆ. ಇನ್ನೊಂದು ಹೊರಗಿನದು. ಎದುರಿನ ಅಂಗಡಿ ಸಾಲಿನಲ್ಲಿ ಪ್ರವಾಸಿಯೊಬ್ಬರು ಹೊಳೆಯುವ ಬಟ್ಟಲೊಂದನ್ನು ಅಂಗೈಯ ಮೇಲಿಟ್ಟುಕೊಂಡು ಮರದ ಕೋಲಿನಿಂದ ಅದರ ಅಂಚನ್ನು ಸವರುತ್ತಿರುತ್ತಾರೆ. ಮೊದಲು ಏನೂ ಕೇಳಿಸುವುದಿಲ್ಲ. ಆಮೇಲೆ ದುಂಬಿಯ ಝೇಂಕಾರದಂಥ ದನಿ ಬಟ್ಟಲಿನೊಳಗಿಂದ ಮೇಲೇಳುತ್ತದೆ. ‘ಟಿಬೆಟನ್ ಸಿಂಗಿಂಗ್ ಬೌಲ್’ ಎನ್ನುತ್ತಾರೆ ಅದಕ್ಕೆ.

ರಸ್ತೆಯ ಆ ಬದಿಯಲ್ಲಿ ಟಿಬೆಟ್ಟಿನ ಗುರುತಾಗಿ ಮಾರಾಟವಾಗುವ ಈ ವಾದ್ಯಕ್ಕೆ ರಸ್ತೆಯ ಈ ಬದಿಯ ಪೂಜಾವಾದ್ಯಗಳ ಸಾಲಿನಲ್ಲಿ ಸ್ಥಾನವಿಲ್ಲ. ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವುದು ಇದೇ ಸಂಗತಿ.

ಬೆಂಗಳೂರಿನ ಯೋಗ ಕೇಂದ್ರಗಳಲ್ಲಿ, ಕೊಡಗಿನ ರೆಸಾರ್ಟುಗಳಲ್ಲಿ, ದೊಡ್ಡ ಕಂಪನಿಗಳ ಆರೋಗ್ಯ ಶಿಬಿರಗಳಲ್ಲಿ ಈಗ ‘ಸೌಂಡ್ ಬಾತ್’ ಮತ್ತು ‘ಸೌಂಡ್ ಹೀಲಿಂಗ್’ ಎಂಬ ಮಾತು ಸಾಮಾನ್ಯವಾಗಿದೆ. ಚಾಪೆಯ ಮೇಲೆ ಮಲಗಿದವರ ಸುತ್ತ ಬಟ್ಟಲುಗಳನ್ನಿಟ್ಟು ನುಡಿಸುತ್ತಾರೆ. ನಾನೂ ಒಮ್ಮೆ ಹಾಗೆ ಮಲಗಿದ್ದೆ. ದೇಹ ಸಡಿಲವಾಯಿತು, ಉಸಿರು ನಿಧಾನವಾಯಿತು, ಮನಸ್ಸು ತಿಳಿಯಾಯಿತು. ಆ ಅನುಭವ ಸುಳ್ಳಲ್ಲ. ಆದರೆ ಅದರ ಜೊತೆಗೆ ನಮಗೆ ಹೇಳಿದ್ದು ಅನೇಕ: ಇದು ಟಿಬೆಟ್ಟಿನ ಲಾಮಾಗಳ ಸಾವಿರಾರು ವರ್ಷಗಳ ರಹಸ್ಯ ವಿದ್ಯೆ, ಬಟ್ಟಲಿನಲ್ಲಿ ಏಳು ಗ್ರಹಗಳ ಏಳು ಲೋಹಗಳಿವೆ, ಪ್ರತಿ ಬಟ್ಟಲೂ ಒಂದೊಂದು ಚಕ್ರದ ಕಂಪನಾಂಕಕ್ಕೆ ಕೂಡಿಸಿದ್ದು, ಈ ನಾದ ಜೀವಕೋಶಗಳನ್ನು ದುರಸ್ತಿ ಮಾಡುತ್ತದೆ. ಇವನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದಾಗ ನನಗೆ ಅನ್ನಿಸಿದ್ದು ಇಷ್ಟು: ಬಟ್ಟಲಿಗೆ ಈ ಯಾವ ಕಥೆಯೂ ಬೇಕಾಗಿಲ್ಲ, ಮತ್ತು ಈ ಕಥೆಗಳಿಂದ ನಿಜವಾದ ಕೆಲವರಿಗೆ ಅನ್ಯಾಯವಾಗುತ್ತಿದೆ.

ಮೊದಲು ಹೆಸರಿನ ವಿಷಯ. ಈ ಹೆಸರಿಗೆ ಟಿಬೆಟನ್ನರೇ ಆಕ್ಷೇಪ ಎತ್ತಿದ್ದಾರೆ. 2020ರಲ್ಲಿ ಕೆನಡಾದ ‘ಟೊರಾಂಟೊ ಸ್ಟಾರ್’ ಪತ್ರಿಕೆಯಲ್ಲಿ ಟಿಬೆಟ್ ಮೂಲದವರೊಬ್ಬರು ಬರೆದ ಲೇಖನದ ತಿರುಳೇ ‘ಟಿಬೆಟನ್ ಸಿಂಗಿಂಗ್ ಬೌಲ್ ಟಿಬೆಟ್ಟಿನದಲ್ಲ’ ಎಂಬುದಾಗಿತ್ತು. ಹಳೆಯ ಪ್ರವಾಸಿಗಳ ಬರಹಗಳೂ ಇದನ್ನೇ ಸೂಚಿಸುತ್ತವೆ. 1840ರ ದಶಕದಲ್ಲಿ ಟಿಬೆಟ್ಟಿನ ರಾಜಧಾನಿ ಲಾಸಾ ತಲುಪಿದ ಫ್ರೆಂಚ್ ಪಾದ್ರಿ ಹುಕ್, 1903-04ರಲ್ಲಿ ಬ್ರಿಟಿಷ್ ಸೇನೆಯ ಜೊತೆ ಹೋಗಿ ಅಲ್ಲಿನ ಸಂಗೀತದ ಬಗ್ಗೆಯೂ ಬರೆದ ಪತ್ರಕರ್ತ ಪರ್ಸಿವಲ್ ಲ್ಯಾಂಡನ್, 1940ರ ದಶಕದಲ್ಲಿ ವರ್ಷಗಟ್ಟಲೆ ಟಿಬೆಟ್ಟಿನಲ್ಲೇ ಇದ್ದ ಹೈನ್ರಿಕ್ ಹಾರರ್, ಇವರಲ್ಲಿ ಯಾರೂ ಹಾಡುವ ಬಟ್ಟಲನ್ನು ಪ್ರಸ್ತಾಪಿಸಿಲ್ಲ. ಕಹಳೆ, ತಾಳ, ಗಂಟೆ, ನಗಾರಿ ಕಣ್ಣಿಗೆ ಬಿದ್ದವರಿಗೆ ಇದೊಂದೇ ಬೀಳಲಿಲ್ಲ ಎಂದರೆ ನಂಬುವುದು ಕಷ್ಟ.

ಟಿಬೆಟನ್ ಮನೆಗಳಲ್ಲಿ ಬಟ್ಟಲಿಗೆ ಬೇರೆಯೇ ಬದುಕಿದೆ. ಹುರಿದ ಬಾರ್ಲಿಯ ತ್ಸಂಪಾ ಹಿಟ್ಟು ಕಲಸಲು, ಬೆಣ್ಣೆ ಚಹಾ ಕುಡಿಯಲು ಅವರು ಪರಂಪರೆಯಿಂದ ಬಳಸಿದ್ದು ಮರದ ಬಟ್ಟಲು. ದೇವರ ಮುಂದೆ ಸಾಲಾಗಿ ಏಳು ಪುಟ್ಟ ಲೋಹದ ಬಟ್ಟಲುಗಳನ್ನಿಟ್ಟು ಬೆಳಿಗ್ಗೆ ನೀರು ತುಂಬುತ್ತಾರೆ, ಸಂಜೆ ಖಾಲಿ ಮಾಡಿ ಒರೆಸಿಡುತ್ತಾರೆ. ಅದು ಅರ್ಪಣೆ, ನುಡಿಸುವುದಕ್ಕಲ್ಲ. ಹಾಗೆಂದು ಬಟ್ಟಲಿನಾಕಾರದ ಗಂಟೆ ಬೌದ್ಧ ಲೋಕಕ್ಕೇ ಹೊರಗಿನದು ಎಂದರೆ ಅದೂ ತಪ್ಪಾಗುತ್ತದೆ. ಜಪಾನಿನ ಮನೆಗಳ ಪೂಜಾಪೀಠದಲ್ಲಿ ‘ರಿನ್’ ಎಂಬ ಪುಟ್ಟ ಬಟ್ಟಲುಗಂಟೆ ಇರುತ್ತದೆ, ಅಲ್ಲಿನ ದೇವಾಲಯಗಳಲ್ಲಿ ಅದರ ದೊಡ್ಡ ರೂಪವಿದೆ, ಚೀನಾದಲ್ಲಿಯೂ ಇದೆ. ಅಲ್ಲಿ ಅದನ್ನು ಬಡಿಯುವುದು ಮಂತ್ರಪಠಣ ಶುರುವಾಯಿತು, ಮುಗಿಯಿತು ಎಂದು ತಿಳಿಸಲು.

ಹಾಗಾದರೆ ನಮ್ಮ ಮುಂದಿರುವ ಈ ಬಟ್ಟಲು ಎಲ್ಲಿಯದು? ಮುಖ್ಯವಾಗಿ ನೇಪಾಳದ್ದು, ಜೊತೆಗೆ ಭಾರತದ ಪೂರ್ವ ಭಾಗದ್ದು. ವ್ಯಾಪಾರಿಗಳು ಇಂದಿಗೂ ಬಳಸುವ ಹೆಸರುಗಳೇ ಸಾಕ್ಷಿ ಹೇಳುತ್ತವೆ: ಥಾಡೋಬಾಟಿ, ಜಾಂಬಾಟಿ, ಉಲ್ಟಾಬಾಟಿ. ಬಾಟಿ ಎಂದರೆ ಬಟ್ಟಲು, ಥಾಡೋ ಎಂದರೆ ನೆಟ್ಟಗೆ ನಿಂತದ್ದು. ಅಂದರೆ ಇವೆಲ್ಲ ಪಾತ್ರೆಗಳ ಹೆಸರುಗಳು. ಧಾನ್ಯ ಹಾಕಿಡಲು, ಊಟಕ್ಕೆ, ಮದುವೆಯಲ್ಲಿ ಮಗಳಿಗೆ ಕೊಡಲು ಮಾಡಿದ ಕಂಚಿನ ಪಾತ್ರೆಗಳು.

ಪಾತ್ರೆ ವಾದ್ಯವಾದದ್ದು 1960-70ರ ದಶಕಗಳಲ್ಲಿ. 1959ರ ನಂತರ ಟಿಬೆಟ್ಟಿನಿಂದ ಓಡಿ ಬಂದವರಲ್ಲಿ ಅನೇಕರು ಕಠ್ಮಂಡು ಕಣಿವೆಯಲ್ಲಿ ನೆಲೆಸಿ ಹಳೆಯ ವಸ್ತುಗಳ ವ್ಯಾಪಾರಕ್ಕಿಳಿದರು. ಅದೇ ಕಾಲದಲ್ಲಿ ಯುರೋಪಿನಿಂದ ತುರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ನೆಲಮಾರ್ಗವಾಗಿ ಬರುತ್ತಿದ್ದ ಹಿಪ್ಪಿಗಳ ಪಯಣ ಕೊನೆಯಾಗುತ್ತಿದ್ದುದು ಕಠ್ಮಂಡುವಿನ ಜೋಛೆನ್ ಬೀದಿಯಲ್ಲಿ. ಆ ಬೀದಿಗೆ ಫ್ರೀಕ್ ಸ್ಟ್ರೀಟ್ ಎಂಬ ಹೆಸರು ಬಂದದ್ದೇ ಅವರಿಂದ. ಸ್ಟೀಲು, ಅಲ್ಯೂಮಿನಿಯಂ ಬಂದ ಮೇಲೆ ಮನೆಗಳಿಂದ ಹೊರಬಿದ್ದ ಕಂಚು ಅಂಗಡಿ ಸೇರಿತು, ಅಂಗಡಿಯಲ್ಲಿ ನಾದ ಕೇಳಿದ ಪರದೇಶಿಗಳು ಬೆರಗಾದರು. 1972ರಲ್ಲಿ ಅಮೆರಿಕದ ಹೆನ್ರಿ ವುಲ್ಫ್ ಮತ್ತು ನ್ಯಾನ್ಸಿ ಹೆನ್ನಿಂಗ್ಸ್ ಈ ಬಟ್ಟಲುಗಳನ್ನು ಬಳಸಿ ಹೊರತಂದ ಧ್ವನಿಮುದ್ರಿಕೆಯ ಹೆಸರು ‘ಟಿಬೆಟನ್ ಬೆಲ್ಸ್’. ಅಲ್ಲಿಂದ ಮುಂದೆ ಹೆಸರು ಅಂಟಿಕೊಂಡಿತು. 1980ರ ದಶಕದಲ್ಲಿ ಜರ್ಮನಿಯ ಪೀಟರ್ ಹೆಸ್ ಬಟ್ಟಲುಗಳನ್ನು ಮೈಮೇಲಿಟ್ಟು ಬಡಿಯುವ ‘ನಾದ ಮಸಾಜ್’ ಪದ್ಧತಿಯನ್ನು ರೂಪಿಸಿದರು. ನಮ್ಮ ನಗರಗಳಿಗೆ ಇವತ್ತು ಬಂದಿರುವುದು ಲಾಸಾದ ವಿದ್ಯೆಯಲ್ಲ. ಹಿಮಾಲಯದ ಪಾತ್ರೆ, ಪಶ್ಚಿಮದ ಕಲ್ಪನೆ ಮತ್ತು ನಿರಾಶ್ರಿತರ ಅಂಗಡಿ, ಈ ಮೂರೂ ಕೂಡಿ ಹುಟ್ಟಿದ ಐವತ್ತು ವರ್ಷದ ಹೊಸ ಸಂಪ್ರದಾಯ ಅದು.

ಐವತ್ತು ವರ್ಷದ್ದು ಎಂದ ಮಾತ್ರಕ್ಕೆ ಅದು ಕೀಳಲ್ಲ. ಹಾರ್ಮೋನಿಯಂ, ಪಿಟೀಲು ನಮ್ಮವಾಗಿದ್ದೂ ಹೊರಗಿನಿಂದ ಬಂದೇ. ಪಿಟೀಲಿಗೆ ನಾವು ಸುಳ್ಳು ಜಾತಕ ಬರೆಯಲಿಲ್ಲ, ಅಷ್ಟೇ ವ್ಯತ್ಯಾಸ. ಅಂಗಡಿ ಇಟ್ಟ ಟಿಬೆಟನ್ನರನ್ನೂ ನಾನು ದೂರಲಾರೆ. ದೇಶ ಕಳೆದುಕೊಂಡು ಬಂದವರು ಗಿರಾಕಿ ಕೇಳಿದ್ದನ್ನು ಮಾರಿದರು. ಚಳಿಗಾಲದಲ್ಲಿ ನಮ್ಮ ಊರುಗಳ ಬಯಲಿನಲ್ಲಿ ಸ್ವೆಟರ್ ರಾಶಿ ಹಾಕಿ ಕೂತು ಮಕ್ಕಳನ್ನು ಓದಿಸಿದವರು ಅವರು. ಅನ್ಯಾಯ ಇರುವುದು ಬೇರೆ ಕಡೆ. ‘ಟಿಬೆಟ್’ ಎಂಬ ಶಬ್ದ ನೆಮ್ಮದಿಯ ಬ್ರ್ಯಾಂಡ್ ಆದಂತೆಲ್ಲ ಟಿಬೆಟ್ ಎಂಬ ನಾಡು, ಅದರ ನಿಜವಾದ ಸಂಗೀತ, ಅದರ ಜನ ನಮ್ಮ ಕಣ್ಣಿಗೆ ಮಸುಕಾಗುತ್ತಾರೆ.

ಕನ್ನಡಿಗರಿಗೆ ಇದು ಹೊರಗಿನ ಸುದ್ದಿಯಲ್ಲ. ಮೈಸೂರು ರಾಜ್ಯ ಟಿಬೆಟನ್ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕೊಟ್ಟಿತು. ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ, ಹೀಗೆ ಅವರ ದೊಡ್ಡ ನೆಲೆಗಳು ನಮ್ಮಲ್ಲಿವೆ. ಲಾಸಾ ಸುತ್ತಲಿನ ಮೂರು ಮಹಾವಿಹಾರಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿ, ಗಾಂದೆನ್ ಮತ್ತು ದ್ರೆಪುಂಗ್ ಮುಂಡಗೋಡದಲ್ಲಿ ಮತ್ತೆ ತಲೆಯೆತ್ತಿವೆ. ಹುಣಸೂರು ತಾಲ್ಲೂಕಿನ ಗುರುಪುರದ ಬಳಿ ತಂತ್ರಸಾಧನೆಯ ಗ್ಯುಮೆ ಮಠವಿದೆ. ಗ್ಯುತೊ ಮತ್ತು ಗ್ಯುಮೆ ಮಠಗಳ ಭಿಕ್ಷುಗಳು ಗಂಟಲಿನ ಅತಿ ತಗ್ಗಿನ ದನಿಯಲ್ಲಿ ಮಂತ್ರ ಹೇಳುವಾಗ ಒಬ್ಬನೇ ವ್ಯಕ್ತಿಯ ಕಂಠದಿಂದ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸ್ವರ ಕೇಳುತ್ತದೆ. ಧರ್ಮಗಳ ಅಧ್ಯಯನಕಾರ ಹ್ಯೂಸ್ಟನ್ ಸ್ಮಿತ್ 1964ರಲ್ಲಿ ಗ್ಯುತೊ ಭಿಕ್ಷುಗಳಿಂದ ಇದನ್ನು ಕೇಳಿ ಧ್ವನಿಮುದ್ರಿಸಿಕೊಂಡರು. 1967ರಲ್ಲಿ ಧ್ವನಿವಿಜ್ಞಾನಿ ಕೆನೆತ್ ಸ್ಟೀವನ್ಸ್ ಮೊದಲಾದವರೊಂದಿಗೆ ಸೇರಿ ಅದರ ವಿಶ್ಲೇಷಣೆಯನ್ನು ಅಮೆರಿಕದ ಧ್ವನಿಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ಟಿಬೆಟ್ಟಿನ ನಾದ ಎಂದು ಯಾರಾದರೂ ಕೇಳಬೇಕೆಂದಿದ್ದರೆ ಅದು ಇದು. ವರ್ಷಗಟ್ಟಲೆ ಕಲಿತು ಕಂಠದಲ್ಲಿ ಕೂರಿಸಿಕೊಳ್ಳಬೇಕಾದ ವಿದ್ಯೆ, ಪೆಟ್ಟಿಗೆಯಲ್ಲಿಟ್ಟು ಕೊರಿಯರ್ ಮಾಡಲು ಬರುವುದಿಲ್ಲ.

ಇನ್ನು ಲೋಹದ ಮಾತು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು, ಮತ್ತು ಸೌಂಡ್ ಹೀಲಿಂಗ್‌ನ ಯಾವ ಕರಪತ್ರದಲ್ಲೂ ಕಾಣಸಿಗದ ಭಾಗವೂ ಇದೇ.

ಚಿನ್ನ, ಬೆಳ್ಳಿ, ಪಾದರಸ, ತಾಮ್ರ, ಕಬ್ಬಿಣ, ತವರ, ಸೀಸ: ಬಟ್ಟಲಿನಲ್ಲಿ ಈ ಏಳೂ ಇವೆ ಎನ್ನುತ್ತಾರೆ. ಹಳೆಯ ಬಟ್ಟಲುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದು ಮುಖ್ಯವಾಗಿ ಎರಡೇ: ಐದರಲ್ಲಿ ನಾಲ್ಕು ಭಾಗದಷ್ಟು ತಾಮ್ರ, ಒಂದು ಭಾಗಕ್ಕಿಂತ ತುಸು ಹೆಚ್ಚು ತವರ. ಉಳಿದವು ಇದ್ದರೂ ಅದಿರಿನಿಂದ ಬಂದ ಕಲ್ಮಶದಷ್ಟು. ಪಾದರಸವನ್ನಂತೂ ಲೆಕ್ಕ ಹಾಕಿಯೇ ತಳ್ಳಿಹಾಕಬಹುದು. ಅದು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ. ಈ ಕಂಚು ಕರಗಬೇಕಾದರೆ ಮೂಸೆ 800 ಡಿಗ್ರಿಯನ್ನು ದಾಟಬೇಕು. ಅಷ್ಟು ಹೊತ್ತಿಗೆ ಪಾದರಸ ಬಟ್ಟಲಿನಲ್ಲಿ ಇರುವುದಿಲ್ಲ, ವಿಷವಾಗಿ ಕುಶಲಕರ್ಮಿಯ ಶ್ವಾಸಕೋಶದಲ್ಲಿ ಇರುತ್ತದೆ.

ಎರಡೇ ಲೋಹವಾದರೆ ಏನು ದೊಡ್ಡ ವಿಷಯ ಎನ್ನಬಹುದು. ದೊಡ್ಡ ವಿಷಯವೇ. ಕಂಚಿನಲ್ಲಿ ತವರದ ಪಾಲು ಐದನೆಯ ಒಂದನ್ನು ಮೀರಿದರೆ ಲೋಹ ಗಾಜಿನಂತೆ ಪೆಡಸಾಗುತ್ತದೆ. ತಣ್ಣಗಿರುವಾಗ ಸುತ್ತಿಗೆಯಿಂದ ಹೊಡೆದರೆ ಚೂರಾಗುತ್ತದೆ. ಆದರೆ ನಸುಗೆಂಪಾಗಿ ಕಾಯಿಸಿದಾಗ, ಸುಮಾರು 600ರಿಂದ 750 ಡಿಗ್ರಿಯ ನಡುವೆ ಮಾತ್ರ, ಅದು ಬಡಿತಕ್ಕೆ ಮಣಿಯುತ್ತದೆ. ಕುಲುಮೆಯಿಂದ ತೆಗೆದ ಬಿಲ್ಲೆಯನ್ನು ಮೂರು ನಾಲ್ಕು ಜನ ಸುತ್ತ ನಿಂತು ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಪೆಟ್ಟು ಅಡ್ಡ ಬರದಂತೆ ಸರದಿಯಲ್ಲಿ ಬಡಿಯುತ್ತಾರೆ. ಬಣ್ಣ ಕಪ್ಪಾಗತೊಡಗಿದೊಡನೆ ನಿಲ್ಲಿಸಿ ಮತ್ತೆ ಬೆಂಕಿಗೆ ಹಾಕಬೇಕು. ಒಂದು ಪೆಟ್ಟು ತಡವಾದರೂ ಬಟ್ಟಲು ಸೀಳುತ್ತದೆ. ಕೊನೆಯಲ್ಲಿ ಕೆಂಪಗಿರುವಾಗಲೇ ನೀರಿಗೆ ಅದ್ದುತ್ತಾರೆ. ಉಕ್ಕನ್ನು ಹೀಗೆ ಅದ್ದಿದರೆ ಗಡುಸಾಗುವುದರ ಜೊತೆಗೆ ಪೆಡಸೂ ಆಗುತ್ತದೆ. ಈ ಕಂಚಿನ ಗುಣ ತಿರುಗುಮುರುಗು, ಅದ್ದಿದರೇ ಗಟ್ಟಿತನದ ಜೊತೆಗೆ ತಾಳಿಕೆ ಬರುತ್ತದೆ, ತಾನಾಗಿ ಆರಲು ಬಿಟ್ಟರೆ ಪೆಡಸಾಗುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಬರಿಯ ಬಣ್ಣ ನೋಡಿ ಇದನ್ನು ಕಂಡುಕೊಂಡವರ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಈ ವಿದ್ಯೆಯ ಬೇರುಗಳು ದಕ್ಷಿಣದಲ್ಲೂ ಇವೆ ಎಂಬುದು ನಮ್ಮಲ್ಲಿ ಕಡಿಮೆ ಜನಕ್ಕೆ ಗೊತ್ತು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಪ್ರಾಚೀನ ಲೋಹಶಾಸ್ತ್ರಜ್ಞೆ ಶಾರದಾ ಶ್ರೀನಿವಾಸನ್ ತಮಿಳುನಾಡಿನ ಆದಿಚ್ಚನಲ್ಲೂರು ಮತ್ತು ನೀಲಗಿರಿಯ ಸಮಾಧಿಗಳಲ್ಲಿ ಸಿಕ್ಕ ಕಬ್ಬಿಣ ಯುಗದ ಬಟ್ಟಲುಗಳನ್ನು ಅಧ್ಯಯನ ಮಾಡಿದರು. ಅವೂ ಹೀಗೆಯೇ ಹೆಚ್ಚು ತವರದ, ಕಾಯಿಸಿ ಬಡಿದು ನೀರಿಗೆ ಅದ್ದಿದ ಕಂಚು ಎಂದು ತೋರಿಸಿಕೊಟ್ಟರು. ಕೇರಳದ ಕೆಲವು ಕಂಚಿನ ಕೆಲಸಗಾರರು ಇತ್ತೀಚಿನವರೆಗೂ ಅದೇ ರೀತಿ ಪಾತ್ರೆ ಮಾಡುತ್ತಿದ್ದುದನ್ನೂ ದಾಖಲಿಸಿದರು. ಅಸ್ಸಾಮಿನ ಸರ್ಥೇಬಾರಿ ಎಂಬ ಊರು ಇಂದಿಗೂ ಕಂಚಿನ ಬಡಿತಕ್ಕೇ ಹೆಸರಾಗಿದೆ, 2024ರಲ್ಲಿ ಅದರ ಕಸುಬಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಒಡಿಶಾದಲ್ಲಿ ಕಂಚಿನ ಕಸುಬಿನ ಕಂಸಾರಿಗಳಿದ್ದಾರೆ, ಕಠ್ಮಂಡು ಕಣಿವೆಯಲ್ಲಿ ಅಲ್ಲಿನ ನೇವಾರ ಸಮುದಾಯದ ಕುಶಲಕರ್ಮಿಗಳಿದ್ದಾರೆ. ನಮ್ಮ ಭಾಷೆಯಲ್ಲೇ ಕಂಚುಗಾರ ಎಂಬ ಪದವಿದೆ, ಒಳ್ಳೆಯ ಗಾಯಕನಿಗೆ ‘ಕಂಚಿನ ಕಂಠ’ ಎನ್ನುತ್ತೇವೆ. ಸಂತೆಯಲ್ಲಿ ಪಾತ್ರೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ, ಒಡಕು ದನಿ ಬಂದರೆ ಬದಿಗಿಟ್ಟು, ತುಂಬು ದನಿ ಬಂದರೆ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಹಿರಿಯರಿಗಿತ್ತು. ಕರಪತ್ರದ ಕಾಲ್ಪನಿಕ ಲಾಮಾನಿಗೆ ಸಲ್ಲುತ್ತಿರುವ ಕೀರ್ತಿಯೆಲ್ಲ ಸಲ್ಲಬೇಕಾದದ್ದು ಈ ಸುತ್ತಿಗೆಯವರಿಗೆ.

ಈಗ ಮಾರುಕಟ್ಟೆಯಲ್ಲಿರುವ ಬಟ್ಟಲುಗಳಲ್ಲಿ ಬಡಿದವು ಕಡಿಮೆ. ಎರಕ ಹೊಯ್ದು ಲೇತ್‌ನಲ್ಲಿ ನಯಗೊಳಿಸಿ, ಆಮ್ಲದಿಂದ ಮಂತ್ರಾಕ್ಷರ ಕೊರೆದ ಹಿತ್ತಾಳೆಯವೇ ಹೆಚ್ಚು. ಹಿತ್ತಾಳೆ ಎಂದರೆ ತಾಮ್ರಕ್ಕೆ ಸತು ಬೆರೆತದ್ದು, ಅದರ ನಾದ ಬೇಗ ಸಾಯುತ್ತದೆ. ಬಿಳಿಯ ಸ್ಫಟಿಕದ ಬಟ್ಟಲುಗಳದು ಇನ್ನೂ ಹೊಸ ಕಥೆ. ಅವುಗಳ ಮೂಲ ಕಂಪ್ಯೂಟರ್ ಚಿಪ್‌ಗೆ ಬೇಕಾದ ಸಿಲಿಕಾನ್ ಕರಗಿಸುವ ಕಾರ್ಖಾನೆಯ ಸ್ಫಟಿಕ ಮೂಸೆಗಳು.

ನಾದ ಹುಟ್ಟುವ ಬಗೆಯನ್ನು ತಂಬೂರಿ ಬಲ್ಲವರು ಸುಲಭವಾಗಿ ಗ್ರಹಿಸುತ್ತಾರೆ. ಬಟ್ಟಲನ್ನು ಬಡಿದಾಗ ಅದರ ಅಂಚು ದುಂಡಗೆ ಉಳಿಯುವುದಿಲ್ಲ. ಒಂದು ದಿಕ್ಕಿಗೆ ಮೊಟ್ಟೆಯಾಕಾರ, ಮರುಕ್ಷಣ ಅದಕ್ಕೆ ಅಡ್ಡ ದಿಕ್ಕಿಗೆ ಮೊಟ್ಟೆಯಾಕಾರ, ಹೀಗೆ ಸೆಕೆಂಡಿಗೆ ನೂರಾರು ಸಲ ಹಿಗ್ಗಿ ಕುಗ್ಗುತ್ತದೆ. ಅಂಚು ದಪ್ಪವಾದಷ್ಟೂ ಶ್ರುತಿ ಏರುತ್ತದೆ, ಬಾಯಿ ಅಗಲವಾದಷ್ಟೂ ಬಹು ಬೇಗ ಇಳಿಯುತ್ತದೆ. ಕೋಲಿನಿಂದ ಸವರಿದಾಗ ನಡೆಯುವುದು ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವ ಕೆಲಸವೇ: ಅಂಟುವುದು, ಜಾರುವುದು, ಮತ್ತೆ ಅಂಟುವುದು. ಬಟ್ಟಲಿಗೆ ನೀರು ತುಂಬಿ ಜೋರಾಗಿ ಸವರಿದರೆ ನೀರ ಮೇಲೆ ಅಲೆಗಳ ಜಾಲ ಮೂಡಿ ಹನಿಗಳು ಚಿಮ್ಮುತ್ತವೆ, ಕೆಲವು ಹನಿ ನೀರಿನ ಮೇಲ್ಮೈಯಲ್ಲೇ ಪುಟಿಯುತ್ತವೆ. ಬೆಲ್ಜಿಯಂನ ಡೆನಿಸ್ ಟೆರ್ವಾನ್ಯ್ ಮತ್ತು ಅಮೆರಿಕದ ಎಂಐಟಿಯ ಜಾನ್ ಬುಷ್ 2011ರಲ್ಲಿ ವೇಗದ ಕ್ಯಾಮೆರಾದಿಂದ ಇದನ್ನು ಚಿತ್ರೀಕರಿಸಿ ವಿವರಿಸಿದ್ದಾರೆ.

ಬಟ್ಟಲಿನ ನಾದ ‘ವೂಂ ವೂಂ’ ಎಂದು ಏರಿಳಿಯುತ್ತದಲ್ಲ, ಅದರ ಗುಟ್ಟೂ ಸರಳ. ತಂಬೂರಿಯಲ್ಲಿ ಒಂದೇ ಸ್ವರ ನುಡಿಯಬೇಕಾದ ಸಾರಣೆ, ಅನುಸಾರಣೆ ತಂತಿಗಳನ್ನು ಕೂಡಿಸುವಾಗ ಎರಡರ ನಡುವೆ ಕೂದಲೆಳೆ ವ್ಯತ್ಯಾಸ ಉಳಿದರೆ ಅಲೆಯೊಂದು ಕೇಳಿಸುತ್ತದೆ. ಆ ಅಲೆ ನಿಂತಾಗ ಶ್ರುತಿ ಕೂಡಿತು ಎನ್ನುತ್ತೇವೆ. ಕೈಯಿಂದ ಬಡಿದ ಬಟ್ಟಲು ಎಲ್ಲೂ ಪೂರ್ತಿ ದುಂಡಗಿರುವುದಿಲ್ಲ, ದಪ್ಪವೂ ಒಂದೇ ಸಮನಿರುವುದಿಲ್ಲ. ಆದ್ದರಿಂದ ಅದು ತೀರಾ ಹತ್ತಿರದ ಎರಡು ಶ್ರುತಿಗಳಲ್ಲಿ ಒಟ್ಟಿಗೆ ನುಡಿಯುತ್ತದೆ. ನಾವು ತಂಬೂರಿಯಲ್ಲಿ ದೋಷವೆಂದು ಕಳೆಯುವುದೇ ಇಲ್ಲಿ ಸೊಗಸು. ಇನ್ನೊಂದು ವ್ಯತ್ಯಾಸವೂ ಇದೆ. ತಂಬೂರಿಯಲ್ಲಿ ತಾವಾಗಿ ಮೂಡುವ ಸ್ವಯಂಭೂ ಸ್ವರಗಳು ಆಧಾರ ಷಡ್ಜದ, ಅಂದರೆ ಮೂಲ ‘ಸ’ ಸ್ವರದ ಎರಡು, ಮೂರು, ನಾಲ್ಕು, ಐದು ಪಟ್ಟು ಎಂದು ಒಪ್ಪವಾಗಿ ಕೂತಿರುತ್ತವೆ. ಬಟ್ಟಲಿನವು ಎರಡೂಮುಕ್ಕಾಲು ಪಟ್ಟು, ಐದು ಪಟ್ಟಿಗೆ ತುಸು ಮೇಲೆ, ಹೀಗೆ ಲೆಕ್ಕ ತಪ್ಪಿ ನಿಲ್ಲುತ್ತವೆ. ತಂಬೂರಿ ರಾಗಕ್ಕೆ ಅಣಿಮಾಡುತ್ತದೆ. ಬಟ್ಟಲು ಯಾವ ರಾಗಕ್ಕೂ ಕರೆದೊಯ್ಯುವುದಿಲ್ಲ. ಮುಂದೇನು ಬರುತ್ತದೆ ಎಂದು ಮನಸ್ಸು ಕಾಯುವ ಕೆಲಸವಿಲ್ಲದೆ, ಕ್ಷೀಣಿಸುತ್ತಿರುವ ಒಂದೇ ದನಿಯ ಹಿಂದೆ ಹೋಗುತ್ತದೆ. ನೆಮ್ಮದಿಯ ಬಹುಪಾಲು ಅಲ್ಲೇ ಇದೆ ಎಂಬುದು ನನ್ನ ಅನಿಸಿಕೆ.

ಈ ಅಭ್ಯಾಸ ಭಾರತಕ್ಕೆ ಹೊಸದೂ ಅಲ್ಲ. ತಂತಿವಾದ್ಯದ ದೀರ್ಘ ನಾದವನ್ನು ಏಕಚಿತ್ತದಿಂದ ಹಿಂಬಾಲಿಸುವುದನ್ನು ಧ್ಯಾನದ ಒಂದು ದಾರಿಯಾಗಿ ಕಾಶ್ಮೀರದ ಶೈವ ಗ್ರಂಥ ವಿಜ್ಞಾನಭೈರವ ಹೇಳುತ್ತದೆ. ಬಡಿದು ಹುಟ್ಟುವ ಆಹತ, ಬಡಿಯದೆಯೇ ಇರುವ ಅನಾಹತ ಎಂಬ ಎರಡು ಬಗೆಯ ನಾದಗಳ ಚರ್ಚೆ 13ನೆಯ ಶತಮಾನದಲ್ಲಿ ಶಾರ್ಙ್ಗದೇವ ಬರೆದ ಸಂಗೀತರತ್ನಾಕರದಲ್ಲೇ ಇದೆ.

ಆದರೆ ಚಕ್ರಕ್ಕೊಂದು ಕಂಪನಾಂಕ ಎಂಬ ಮಾತು ಅಲ್ಲೆಲ್ಲೂ ಇಲ್ಲ. 16ನೆಯ ಶತಮಾನದ ಷಟ್ಚಕ್ರನಿರೂಪಣ ಮೂಲಾಧಾರಕ್ಕೆ ಲಂ, ಸ್ವಾಧಿಷ್ಠಾನಕ್ಕೆ ವಂ, ಮಣಿಪೂರಕ್ಕೆ ರಂ ಎಂದು ಬೀಜಾಕ್ಷರ ಕೊಡುತ್ತದೆ. ಅವು ಜಪದ ಅಕ್ಷರಗಳು, ಪಿಯಾನೊದ ಮನೆಗಳಲ್ಲ. ಏಳು ಚಕ್ರಗಳಿಗೆ ಪಶ್ಚಿಮದ ಏಳು ಸ್ವರ, ಕಾಮನಬಿಲ್ಲಿನ ಏಳು ಬಣ್ಣ ಹೊಂದಿಸಿದ್ದು 20ನೆಯ ಶತಮಾನದ ಪಶ್ಚಿಮದ ಬರಹಗಾರರು. 432 ಹರ್ಟ್ಸ್ ಪ್ರಕೃತಿಯ ಸ್ವರ ಎಂಬ ಪ್ರಚಾರವೂ ಇಂಥದ್ದೇ. ಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ. ಸೆಕೆಂಡ್ ಮನುಷ್ಯ ಮಾಡಿಕೊಂಡ ಅಳತೆ, ಅದನ್ನು ಬೇರೆ ರೀತಿ ಕತ್ತರಿಸಿದ್ದರೆ ಸಂಖ್ಯೆಯೂ ಬೇರೆಯಾಗುತ್ತಿತ್ತು. ನಮ್ಮ ಸಂಗೀತದಲ್ಲಿ ಒಬ್ಬರು ತಗ್ಗಿನ ಒಂದು ಮನೆ ಶ್ರುತಿಗೆ, ಇನ್ನೊಬ್ಬರು ಏರಿನ ಐದೂವರೆಗೆ ಹಾಡುತ್ತಾರೆ. ಕಂಠ ಎಲ್ಲಿ ಸುಖವಾಗಿ ಕೂರುತ್ತದೋ ಅದೇ ಷಡ್ಜ. ಅಂಥ ಪರಂಪರೆಯಲ್ಲಿ ಬೆಳೆದ ನಾವೂ ಒಂದು ಸಂಖ್ಯೆಗೆ ಕೈಮುಗಿಯುತ್ತಿರುವುದು ನನಗೆ ನೋವಿನ ಸಂಗತಿ.

ವೈದ್ಯಕೀಯ ಪುರಾವೆ ಏನು ಹೇಳುತ್ತದೆ? ಸ್ವಲ್ಪ ಹೇಳುತ್ತದೆ, ಬಹಳ ಹೇಳುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 51 ಮಂದಿ ಭಾಗವಹಿಸಿದ್ದರು. ಮಾರ್ಗದರ್ಶಿತ ವಿಶ್ರಾಂತಿಗೆ ಮುಂಚೆ ಒಂದು ಸಲ 12 ನಿಮಿಷ ಬಟ್ಟಲಿನ ನಾದ ಕೇಳಿದರು, ಇನ್ನೊಂದು ಸಲ ಅಷ್ಟೇ ಹೊತ್ತು ಮೌನವಾಗಿದ್ದರು. ನಾದ ಕೇಳಿದ ದಿನ ರಕ್ತದೊತ್ತಡದ ಮೇಲಿನ ಅಂಕಿ ಮತ್ತು ಹೃದಯ ಬಡಿತ ಹೆಚ್ಚು ಇಳಿದವು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 62 ಜನರ ಮೇಲೆ ನಡೆದ, ಹೆಚ್ಚು ಉಲ್ಲೇಖವಾಗುವ ಮತ್ತೊಂದು ಅಧ್ಯಯನದಲ್ಲಿ ನಾದಧ್ಯಾನದ ನಂತರ ಬಿಗುವು, ಸಿಟ್ಟು, ಆಯಾಸ, ಖಿನ್ನ ಮನಃಸ್ಥಿತಿ ಕಡಿಮೆಯಾದದ್ದು ಕಂಡುಬಂತು. ಆದರೆ ಅಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಬಟ್ಟಲುಗಳ ಜೊತೆ ಗಾಂಗ್, ತಾಳ, ಬೇರೆ ವಾದ್ಯಗಳೂ ಇದ್ದವು. ಮೊಬೈಲ್ ಬದಿಗಿಟ್ಟು ಒಂದು ಗಂಟೆ ಸುಮ್ಮನೆ ಮಲಗಿದ್ದರಿಂದಲೇ ಎಷ್ಟು ಹಗುರಾಯಿತು, ನಾದದಿಂದ ಎಷ್ಟು, ಬಿಡಿಸಿ ಹೇಳುವ ದಾರಿ ಅದರಲ್ಲಿಲ್ಲ. 2020ರಲ್ಲಿ ಇಬ್ಬರು ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ ಅವರ ಮಾನದಂಡಕ್ಕೆ ಒಳಪಟ್ಟದ್ದು ನಾಲ್ಕೇ. ಸೂಚನೆಗಳು ಆಶಾದಾಯಕ, ಆದರೆ ಚಿಕಿತ್ಸೆಯಾಗಿ ಶಿಫಾರಸು ಮಾಡುವಷ್ಟು ಆಧಾರವಿಲ್ಲ ಎಂಬುದು ಅವರ ತೀರ್ಮಾನ.

ಬಟ್ಟಲಿನ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲ, ಮಿದುಳಿನ ಥೀಟಾ ಅಲೆಯೂ ಅಷ್ಟೇ, ಆದ್ದರಿಂದ ನಾದ ಮಿದುಳನ್ನು ತನ್ನ ಲಯಕ್ಕೆ ಎಳೆದುಕೊಳ್ಳುತ್ತದೆ ಎಂಬ ವಾದವನ್ನು ಬಹಳ ಕಡೆ ಕೇಳಿದ್ದೇನೆ. ಎರಡು ಸಂಖ್ಯೆ ಹೊಂದಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ.

ಇಲ್ಲಿ ನನ್ನ ದನಿ ತುಸು ಗಡುಸಾಗುತ್ತದೆ, ಏಕೆಂದರೆ ಈ ಕಥೆಗಳ ಬೆಲೆ ಕೊನೆಗೆ ತೆರುವವರು ರೋಗಿಗಳು. ದಣಿದವರು ಬಟ್ಟಲಿನ ನಾದ ಕೇಳಿ ಹಗುರಾದರೆ ಯಾರಿಗೂ ನಷ್ಟವಿಲ್ಲ. ಆದರೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಯಾನ್ಸರ್, ಖಿನ್ನತೆ ಗುಣವಾಗುತ್ತದೆ ಎಂಬ ಭರವಸೆಯನ್ನು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ ಅದು ಜೀವದ ಪ್ರಶ್ನೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಮೂರ್ಛೆರೋಗ ಮುಂತಾದವನ್ನು ಔಷಧಿಯಿಂದಲೋ ಪವಾಡದ ವಸ್ತುವಿನಿಂದಲೋ ಗುಣಪಡಿಸುತ್ತೇವೆ ಎಂಬ ಜಾಹೀರಾತನ್ನು ತಡೆಯಲು ನಮ್ಮಲ್ಲಿ 1954ರಿಂದಲೇ ಕಾಯಿದೆಯಿದೆ. ಸಾಮಾಜಿಕ ಜಾಲತಾಣದ ಒಂದು ನಿಮಿಷದ ವಿಡಿಯೊಗಳ ಕಾಲದಲ್ಲಿ ಅದನ್ನು ನೆನೆಯುವವರೇ ಕಡಿಮೆ. ಅನೇಕ ಕಡೆ ಒಂದು ವಾರಾಂತ್ಯದ ತರಬೇತಿ ಪಡೆದವರೂ ಪ್ರಮಾಣಪತ್ರ ತೂಗುಹಾಕಿ ಕೂರುತ್ತಾರೆ. ಮನಸ್ಸಿನ ನೋವು ಆಳವಾಗಿರುವವರು ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ಅದಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೂರ್ಛೆರೋಗ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಗರ್ಭಿಣಿಯರು ಬಟ್ಟಲನ್ನು ಮೈಮೇಲೆ ಇಡಿಸಿಕೊಳ್ಳುವ ಮುನ್ನ ವೈದ್ಯರನ್ನು ಕೇಳಲಿ. ಜವಾಬ್ದಾರಿಯುಳ್ಳ ಕಲಿಸುವವರು ತಾವಾಗಿಯೇ ಇದನ್ನು ವಿಚಾರಿಸುತ್ತಾರೆ.

ಬಟ್ಟಲು ಬೇಕೆನಿಸಿದವರಿಗೆ ನನ್ನ ಸಲಹೆ ಕಡಿಮೆ. ಹುಣ್ಣಿಮೆಯ ರಾತ್ರಿ ಮಾಡಿದ್ದು, ಏಳು ಲೋಹದ್ದು ಎಂಬ ಚೀಟಿಗೆ ಹೆಚ್ಚು ದುಡ್ಡು ಕೊಡಬೇಡಿ. ಬೆರಳ ತುದಿಯ ಮೇಲಿಟ್ಟು ಒಮ್ಮೆ ಮೃದುವಾಗಿ ತಟ್ಟಿ, ದನಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿ. ಮನೆಯಲ್ಲಿ ಅಭ್ಯಾಸಕ್ಕೆ ಒಂದೇ ಪೆಟ್ಟು ಸಾಕು: ನಾದ ಶುರುವಾದಲ್ಲಿಂದ ಅದು ಕೇಳಿಸದಾಗುವ ಕೊನೆಯ ಎಳೆಯವರೆಗೆ ಕಿವಿ ಅದರ ಜೊತೆಗಿರಲಿ, ಮತ್ತೆ ಬಡಿಯಿರಿ. ಕಿವಿಯ ಬಳಿ ಹಿಡಿದು ಜೋರಾಗಿ ಬಾರಿಸುವುದು ಬೇಡ.

ನಾನು ಹೊಸದನ್ನು ಕೊಳ್ಳಲಿಲ್ಲ. ಅಟ್ಟದ ಮೇಲೆ ಹುಣಸೆಹಣ್ಣಿನ ಮಡಕೆಯ ಪಕ್ಕದಲ್ಲಿದ್ದ ಅಜ್ಜಿಯ ಕಂಚಿನ ಬಟ್ಟಲನ್ನು ಇಳಿಸಿ, ಬೂದಿಯಿಂದ ಉಜ್ಜಿ, ಮಡಿಸಿದ ಟವೆಲಿನ ಮೇಲಿಟ್ಟು ಮರದ ಸೌಟಿನ ಹಿಡಿಯಿಂದ ತಟ್ಟಿದೆ. ಅದು ಅಂಗಡಿಯ ಬಟ್ಟಲಿನಷ್ಟು ಹೊತ್ತು ಹಾಡುವುದಿಲ್ಲ, ನಾನು ಎಣಿಸಿದಾಗ ಹದಿನೆಂಟು ಸೆಕೆಂಡ್. ಅಂಚಿನ ಹೊರಗೆ ಅಜ್ಜಿಯ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೊರೆಸಿದ್ದಾರೆ. ಬಡಿದವನ ಹೆಸರು ಎಲ್ಲೂ ಇಲ್ಲ, ಒಳಮೈಯಲ್ಲಿ ಅವನ ಸುತ್ತಿಗೆಯ ಗುರುತುಗಳು ಮಾತ್ರ ಇನ್ನೂ ಕೈಗೆ ಸಿಗುತ್ತವೆ.